ಒಂದು ಚೊಂಬು ಗಿಡುಗ

ದಸರಾ ರಜೆ ಶುರುವಾದ ಮಾರನೆಯ ದಿನ ಮಧ್ಯಾಹ್ನ ನಾವು ಬೆಂಗಳೂರಿನಲ್ಲಿ ಮಾಲೂರಿನ ರೈಲು ಹತ್ತಿದೆವು. ನಾವು ಎಂದರೆ ನಾನು ಮತ್ತು ನಮ್ಮ ಅಕ್ಕನ ಗಂಡ ಚನ್ನರಾಯಪ್ಪನವರು. ನಾನು ಬಿ.ಎ. ಮುಗಿಸಿ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ಭಾವ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಅಕ್ಕ ಹಬ್ಬಕ್ಕೆಂದು ಮೊದಲೇ ಯಲ್ದೂರಿನ ಅತ್ತೆಮನೆಗೆ ಹೋಗಿದ್ದಳು. ಯುದ್ಧದ ಕಾಲವಾದ್ದರಿಂದ ಗಾಡಿಯ ತುಂಬ ಸಿಪಾಯಿಗಳು. ನಮಗೆ ಬಾಗಿಲ ಬಳಿ ಒಂದು ಕಾಲೂರಲು ಜಾಗ ಸಿಕ್ಕಿತು. ಭಾವನ ಕೊರಳಲ್ಲಿ ಪಿಂಚಣಿ ಸಿಪಾಯಿಯೊಬ್ಬನಿಂದ ಕೊಂಡ ಹಳೆಯ ದುರ್ಬೀನು, ನನ್ನ ಕಂಕುಳಲ್ಲಿ ಕಂಬಳಿ, ಕೈಯಲ್ಲಿ ಅಕ್ಕನ ಹಿತ್ತಾಳೆ ಚೊಂಬು.

ಹೋಗುತ್ತಿದ್ದುದು ಗಿಡುಗಗಳನ್ನು ಎಣಿಸಲು. ಮಳೆ ಹಿಂದಾಗಿ ರಾಗಿ ತೆನೆ ಕಟ್ಟುವ ಹೊತ್ತಿಗೆ ನಮ್ಮ ಸೀಮೆಗೆ ಉತ್ತರದ ಕಡೆಯಿಂದ ಗಿಡುಗಗಳು ಬಂದಿಳಿಯುತ್ತವೆ. ಯುಗಾದಿಯ ಆಸುಪಾಸಿಗೆ ಒಂದೂ ಉಳಿಯುವುದಿಲ್ಲ. ಎಲ್ಲಿಂದ ಬರುತ್ತವೆ, ಯಾವ ದಾರಿ ಹಿಡಿಯುತ್ತವೆ, ಎಷ್ಟು ಬರುತ್ತವೆ ಎಂದು ಭಾವನನ್ನು ಯಾರೂ ಕೇಳಿರಲಿಲ್ಲ. ಅವರೇ ತಮ್ಮನ್ನು ಕೇಳಿಕೊಂಡಿದ್ದರು. ಒಂದೇ ರಜೆಯಲ್ಲಿ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆ ಕೂತು ಎಣಿಸಿದರೆ ಏನಾದರೂ ತಿಳಿದೀತು ಎಂಬುದು ಅವರ ಲೆಕ್ಕಾಚಾರ.

ಎಣಿಸುವುದಕ್ಕೆ ಅವರದೇ ಒಂದು ಕ್ರಮವಿತ್ತು. ಹಿಂದಿನ ವರ್ಷ ಒಬ್ಬರೇ ಕೂತು ಎಣಿಸುವಾಗ, ಬರೆದುಕೊಳ್ಳಲು ತಲೆ ತಗ್ಗಿಸಿದಾಗಲೆಲ್ಲ ಲೆಕ್ಕ ತಪ್ಪುತ್ತಿತ್ತಂತೆ. ಬಗ್ಗಿ ಎದ್ದರೆ ಕಂಡದ್ದು ಹಳೆಯ ಹಕ್ಕಿಯೋ ಹೊಸದೋ ತಿಳಿಯುತ್ತಿರಲಿಲ್ಲ. ಆದ್ದರಿಂದ ಈ ಸಲ ಒಬ್ಬನಿಗೆ ಆಕಾಶ, ಒಬ್ಬನಿಗೆ ಚೊಂಬು. ಭಾವ ಕಂಬಳಿಯ ಮೇಲೆ ಅಂಗಾತ ಮಲಗಿ ದುರ್ಬೀನು ಇಳಿಸದೆ ಹಕ್ಕಿಯ ಜಾತಿ ಕೂಗಬೇಕು. ನಾನು ತಲೆ ಎತ್ತದೆ ಚೊಂಬಿಗೆ ಬೀಜ ಹಾಕಬೇಕು. ಹೊಲದ ಮೇಲೆ ತಗ್ಗಿ ತೇಲುವ ಉದ್ದ ರೆಕ್ಕೆಯ ಗಿಡುಗಕ್ಕೆ ಹುಣಸೆ ಬೀಜ. ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ ಪುಟ್ಟ ಗಿಡುಗಕ್ಕೆ ಹರಳು ಬೀಜ. ಮಿಕ್ಕ ದೊಡ್ಡವಕ್ಕೆ ಅವರೆಕಾಳು. ಗುರುತು ಸಿಗದ್ದಕ್ಕೆ ಒಂದು ಕಲ್ಲು. ಬೀಜ ಬಿದ್ದರೆ ಚೊಂಬು ಟಣ್ ಎನ್ನುತ್ತದೆ. ಆ ಸದ್ದು ಕೇಳಿದ ಮೇಲೆಯೇ ಭಾವ ಮುಂದಿನ ಹಕ್ಕಿಗೆ ಹೋಗುವುದು. ಬೀಜಗಳನ್ನು ಎಣಿಸಿ ಬರೆದಿಡುವುದು ನಾಲ್ಕೂ ಊರು ಮುಗಿದ ಮೇಲೆ.

ಮಾಲೂರಿನಲ್ಲಿ ಇಳಿದವರೇ ಕೆರೆಯ ಹಿಂದಿನ ಹುಲ್ಲುಬಯಲಿಗೆ ನಡೆದೆವು. ಮೋಡ ಚೆದುರಿ ಬಿಸಿಲು ಓರೆಯಾಗಿತ್ತು. ಹೊತ್ತು ಇಳಿದಂತೆ ಎಲ್ಲ ದಿಕ್ಕಿನಿಂದಲೂ ಉದ್ದ ರೆಕ್ಕೆಯ ಗಿಡುಗಗಳು ಹುಲ್ಲಿಗೆ ಮಲಗಲು ಬರತೊಡಗಿದವು. ಭಾವನ ಬಾಯಿಗೆ ಬಿಡುವಿಲ್ಲದಾಯಿತು. "ಹುಣಸೆ. ಹುಣಸೆ. ಇನ್ನೊಂದು ಹುಣಸೆ. ಲೇ ನಾರಾಣಿ, ಸದ್ದೇ ಬರ್ಲಿಲ್ಲ?"

"ಒಂದ್ಸಲ ನಾನೂ ನೋಡ್ತೀನಿ ಭಾವ."

"ಮೇಲೆ ನೋಡ್ಬೇಡ ಕಣೋ! ನೀನು ನೋಡಿದ್ರೆ ಹಾಕೋರ್ಯಾರು?"

"ಹಕ್ಕಿ ನೋಡೋಕೆ ಅಂತ ಕರ್ಕೊಂಡು ಬಂದು ಹುಣಸೆ ಬೀಜ ತೋರಿಸ್ತಿದ್ದೀರಲ್ಲ."

"ಬಿ.ಎ. ಮಾಡಿದೋನಿಗೆ ಆಕಾಶ ಬೇರೆ ಬೇಕಾ? ಹಾಕೋ, ಎರಡು ಹುಣಸೆ."

ಕತ್ತಲಾಗುವ ಹೊತ್ತಿಗೆ ಚೊಂಬಿನ ತಳ ಮುಚ್ಚಿತ್ತು. ನಾನು ನೋಡಿದ್ದು ಮಾತ್ರ ನನ್ನ ಕಾಲ ಬಳಿಯ ಒಂದು ಇರುವೆ ಸಾಲು.

ಮರುದಿನ ದೊಡ್ಡ ರೈಲಿನಲ್ಲಿ ಬೌರಿಂಗ್‌ಪೇಟೆಗೆ ಹೋಗಿ, ಅಲ್ಲಿಂದ ಸಣ್ಣ ರೈಲಿನಲ್ಲಿ ಕೋಲಾರ ಸೇರಿದೆವು. ಈ ಸಣ್ಣ ರೈಲು ಏರು ಬಂದಲ್ಲಿ ಎಷ್ಟು ನಿಧಾನವೆಂದರೆ, ಪಕ್ಕದ ಹೊಲದವನೊಬ್ಬ ನಡೆಯುತ್ತಲೇ ಗಾಡಿಯೊಳಗಿನ ನೆಂಟನೊಡನೆ ಮಗಳ ಮದುವೆಯ ಮಾತು ಮುಗಿಸಿದ. ಪೇಟೆಯ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಸಕ್ಕರೆಗೆ ರೇಷನ್ ಆದ್ದರಿಂದ ಕಾಫಿಗೆ ಬೆಲ್ಲ ಹಾಕಿದ್ದರು. ಆಮೇಲೆ ಊರ ಹಿಂದಿನ ಬೆಟ್ಟ ಹತ್ತಿದೆವು.

ಬೆಟ್ಟದ ಮೇಲೆ ಗಾಳಿ ಜೋರಾಗಿತ್ತು. ಹರಳು ಬೀಜಗಳಿಗೆ ಅಂದು ಕೆಲಸ ಬಿತ್ತು. ಹಾಗೆ ಎಣಿಸುತ್ತಿರುವಾಗ ಕೆಂಪು ರುಮಾಲಿನ ಪೊಲೀಸಿನವನೊಬ್ಬ ಏದುಸಿರು ಬಿಡುತ್ತ ಹತ್ತಿಬಂದ.

"ಏನ್ ಸ್ವಾಮಿ, ದುರ್ಬೀನು ಇಟ್ಕೊಂಡು ಏರೋಪ್ಲೇನ್ ಎಣಿಸ್ತಿದ್ದೀರಾ? ಯಾರ ಕಡೆಯೋರು ನೀವು?"

"ಗಿಡುಗಗಳ ಕಡೆಯೋರು," ಎಂದರು ಭಾವ, ಕಣ್ಣಿಂದ ದುರ್ಬೀನು ತೆಗೆಯದೆ. ಅವನ ಮುಖ ಬಿಗಿಯಿತು. ನಾನು ಹೆದರಿ ಚೊಂಬು ತೋರಿಸಿದೆ. ಅವನು ಒಳಗೆ ಕೈಯಾಡಿಸಿ, "ಇದೇನು, ಸಾರು ಮಾಡೋಕಾ?" ಎಂದ. ಕೊನೆಗೆ ಭಾವ ಎದ್ದು ದುರ್ಬೀನು ಅವನ ಕೈಗೇ ಕೊಟ್ಟರು. ಅವನು ಹುಡುಕಿ ಹುಡುಕಿ ಒಂದು ಕಡೆ ನಿಂತ. "ಅಲ್ಲೇ ನಿಂತೈತಲ್ಲ ಸಾಮಿ! ರೆಕ್ಕೆ ಬಡೀತೈತೆ, ಮುಂದಕ್ಕೂ ಹೋಗಲ್ದು, ಹಿಂದಕ್ಕೂ ಬರಲ್ದು. ನಮ್ಮ ದಫೇದಾರರ ಹಂಗೆ!" ಹೋಗುವ ಮುನ್ನ ಆ ಹಕ್ಕಿಯ ಬೀಜವನ್ನು ತಾನೇ ಹಾಕುತ್ತೇನೆಂದು ಹಟ ಹಿಡಿದು ಹಾಕಿಹೋದ. ಇಳಿಯುವಾಗ ಭಾವ, "ನೋಡು, ಸರ್ಕಾರದ ಬೀಜವೂ ಸೇರಿತು," ಎಂದು ದಾರಿಯುದ್ದಕ್ಕೂ ನಕ್ಕರು. ಆ ನಗುವನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ಕೋಲಾರದಿಂದ ಮುಳಬಾಗಿಲಿಗೆ, ಪೆಟ್ರೋಲು ಸಿಗದ ಕಾಲವಾದ್ದರಿಂದ, ಇದ್ದಿಲು ಗ್ಯಾಸಿನ ಬಸ್ಸು. ಏರು ಕಂಡಲ್ಲೆಲ್ಲ ಕಂಡಕ್ಟರು "ಇಳೀರಿ, ಇಳೀರಿ" ಎನ್ನುತ್ತಿದ್ದ. ನಾವು ದುಡ್ಡು ಕೊಟ್ಟು ಅರ್ಧ ದಾರಿ ತಳ್ಳಿಕೊಂಡೇ ಹೋದೆವು. ರಾತ್ರಿ ಛತ್ರದಲ್ಲಿ ಮಲಗಿ, ಬೆಳಿಗ್ಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿ ಕಟ್ಟಿಸಿಕೊಂಡು ಊರಿಂದಾಚೆ ಒಂದು ಬಂಡೆಗುಡ್ಡಕ್ಕೆ ಹೊರಟೆವು. ಉತ್ತರಕ್ಕೆ ಆಕಾಶ ಪೂರ್ತಿ ತೆರೆದಿರುವ ಜಾಗ ಬೇಕೆಂದು ಭಾವ ಸುತ್ತಿ ಸುತ್ತಿ ಒಂದು ಕಡಿದಾದ ಬಂಡೆಯ ಬುಡದಲ್ಲಿ ಕಂಬಳಿ ಹಾಸಿದರು. ಬಂಡೆಯ ಮೇಲೆ ಮಳೆನೀರು ಇಳಿದು ಕಪ್ಪು ಪಟ್ಟೆಗಳು ಬಿದ್ದಿದ್ದವು. ಆ ಪಟ್ಟೆಗಳ ನಡುವೆ ಇನ್ನೂ ಏನೋ ಕಪ್ಪಗೆ ತೂಗುತ್ತಿತ್ತು. ಅದನ್ನೂ ಪಟ್ಟೆಯೆಂದೇ ತಿಳಿದೆವು. ಕೆಳಗೆ ಇಬ್ಬರು ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು.

ಮುಂದಿನದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೋ! ಬಂಡೆಯ ಇನ್ನೊಂದು ಮಗ್ಗುಲಿಗೆ ಕೂತಿದ್ದರೆ? ರೊಟ್ಟಿ ತಿನ್ನಲು ಇಳಿದಿದ್ದರೆ? ಇಲ್ಲ, ಅಲ್ಲೇ ಇದ್ದೆವು. ಬಿಸಿಲು ಏರಿ ಹಕ್ಕಿಗಳು ಒಂದರ ಹಿಂದೆ ಒಂದು ಗಾಳಿಯಲ್ಲಿ ಸುತ್ತುತ್ತ ದಕ್ಷಿಣಕ್ಕೆ ಸಾಗುತ್ತಿದ್ದವು. ಭಾವ ಕೂಗುತ್ತಿದ್ದರು, ನಾನು ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಅವರ ದನಿ ಬದಲಾಯಿತು.

"ಇದು ಹೊಸದು! ಸಣ್ಣ ತಲೆ, ಅಗಲ ರೆಕ್ಕೆ. ನಮ್ಮ ಕಡೆಗೇ ಬರ್ತಿದೆ. ಬಂಡೆಗೇ ಹೊಡೀತಲ್ಲೋ! ಕಲ್ಲು ಹಾಕು, ಕಲ್ಲು!"

ನಾನು ಬಗ್ಗಿ ಕಲ್ಲು ಹುಡುಕಿದೆ. ತಲೆಯ ಮೇಲೆ ಏನೋ ಕಿತ್ತು ಬಿದ್ದ ಸದ್ದಾಯಿತು. ಮೇಣದ ಒಂದು ತುಂಡು ನನ್ನ ಪಕ್ಕಕ್ಕೆ ಬಿತ್ತು. ಅದರಿಂದ ಜೇನು ಒಸರುತ್ತಿತ್ತು. ಅದು ಏನೆಂದು ತಲೆಗೆ ಹೊಳೆಯುವುದಕ್ಕೂ ದೂರದಲ್ಲಿ ಮಳೆ ಬಂದಂಥ ಮೊರೆತ ಹತ್ತಿರವಾಗುವುದಕ್ಕೂ ಸರಿಹೋಯಿತು. ಕೆಳಗಿನಿಂದ ಹೆಂಗಸೊಬ್ಬಳು ಕೂಗಿದಳು: "ತೇನೀಗಲು ಲೇಚಿನಾಯಿ! ಪರಿಗೆತ್ತಂಡಿ!" ಜೇನು ಎದ್ದಿದೆ, ಓಡಿ ಎಂದು. ನಾವು ಪಟ್ಟೆಯೆಂದು ತಿಳಿದಿದ್ದುದು ಹೆಜ್ಜೇನಿನ ಗೂಡು, ಹಕ್ಕಿ ಹೊಡೆದದ್ದು ಅದಕ್ಕೆ.

ನಾನು ತಲೆ ಎತ್ತುವುದರಲ್ಲಿದ್ದೆ. "ಮೇಲೆ ನೋಡ್ಬೇಡ!" ಎಂದರು ಭಾವ. ಮೂರು ದಿನದಿಂದ ಕೇಳಿ ಕೇಳಿ ಅಭ್ಯಾಸವಾಗಿದ್ದ ಮಾತು. ನನ್ನ ಕತ್ತು ತಾನಾಗಿಯೇ ತಗ್ಗಿತು. ಅದೇ ಗಳಿಗೆಯಲ್ಲಿ ಕಂಬಳಿ ನನ್ನ ಮೇಲೆ ಬಿತ್ತು. ಅವರೇ ಎಳೆದು ಹೊದಿಸಿದ್ದು. ಕಂಬಳಿಯ ಸಂದಿನಿಂದ ನಾನು ಕಂಡದ್ದಿಷ್ಟು: ಭಾವ ಎರಡೂ ಕೈಯಿಂದ ಮುಖ ಮುಚ್ಚಿ ನಿಂತಿದ್ದರು. ಕೈಗಳ ಮೇಲೆ, ಕೈಗಳ ಸಂದಿಯಲ್ಲಿ, ಕಿವಿಯ ಸುತ್ತ, ಎಲ್ಲೆಲ್ಲೂ ಕಪ್ಪಗೆ ಹರಿದಾಡುತ್ತಿತ್ತು. ಬಂಡೆಯಿಂದ ಕಪ್ಪು ಪರದೆಯೊಂದು ಕಳಚಿ ಇಳಿಯುತ್ತಲೇ ಇತ್ತು. ನಾನು ಅವರ ಕಾಲು ಹಿಡಿದೆಳೆದು ಕಂಬಳಿಯೊಳಗೆ ಸೇರಿಸಿಕೊಂಡೆ. ಚೊಂಬು ಉರುಳಿ ಬಂಡೆಯಿಂದ ಬಂಡೆಗೆ ಬಡಿಯುತ್ತ ಇಳಿದ ಸದ್ದು ಕೇಳಿಸಿತು.

ಆ ಹೆಂಗಸರು ಓಡಿಹೋಗಲಿಲ್ಲ. ಹಸಿ ಹುಲ್ಲಿಗೆ ಬೆಂಕಿ ಕೊಟ್ಟು ಹೊಗೆ ಎಬ್ಬಿಸಿ, ಹೊಗೆಯ ಮರೆಯಲ್ಲೇ ಬಂದು ನಮ್ಮನ್ನು ಕಂಬಳಿ ಸಮೇತ ಎಳೆದುಕೊಂಡು ಇಳಿದರು.

ಮುಳಬಾಗಿಲಿನ ಆಸ್ಪತ್ರೆಯಲ್ಲಿ ಕಾಂಪೌಂಡರು ಚಿಮಟದಿಂದ ಒಂದೊಂದೇ ಮುಳ್ಳು ತೆಗೆದರು. ನನಗೆ ಬೆನ್ನಿಗೆ, ಕೈಗೆ ಹತ್ತಿದ್ದವು ಅಷ್ಟೇ. ಭಾವನ ಮುಖ ಮಡಕೆಯಂತೆ ಊದಿ ಕಣ್ಣಿದ್ದ ಜಾಗವೇ ತಿಳಿಯದಂತಾಗಿತ್ತು. ರಾತ್ರಿಯಿಡೀ ಜ್ವರ. ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಜೀವಕ್ಕೆ ಇನ್ನು ಭಯವಿಲ್ಲ. ಎಡಗಣ್ಣು ಉಳಿಯಬಹುದು. ಬಲಗಣ್ಣಿಗೆ ಗುಡ್ಡೆಯ ಅಂಚಿಗೇ ಮುಳ್ಳು ಹತ್ತಿತ್ತು. ಎಂಟು ದಿನ ಎರಡೂ ಕಣ್ಣಿನ ಕಟ್ಟು ಬಿಚ್ಚಬೇಡಿ. ಆಮೇಲೆ ಕೋಲಾರದಲ್ಲಿ ತೋರಿಸಿ," ಎಂದರು.

ಮೆಲ್ಲಗೆ ಹೇಳಿದ್ದರೂ ಭಾವನಿಗೆ ಕೇಳಿಸಿತ್ತು. ನಾನು ಒಳಗೆ ಬಂದಾಗ ಅಂದರು: "ಹುಡುಗರಿಗೆ ಬೋರ್ಡಿನ ಮೇಲೆ ಮಾವಿನಹಣ್ಣು ಬರೆಯೋಕೆ ಕಣ್ಣು ಬೇಕಲ್ಲೋ ನಾರಾಣಿ. ಬೇರೆ ಕೆಲಸ ನನಗೆ ಗೊತ್ತಿಲ್ಲ."

ಸಂಜೆ ನಮ್ಮನ್ನು ಎಳೆದು ತಂದವಳು ಬಂದಳು. ಗಂಗುಲಮ್ಮ ಎಂದು ಹೆಸರು. ಸೆರಗಿನ ಮರೆಯಿಂದ ಅಕ್ಕನ ಚೊಂಬು ತೆಗೆದಳು. ಮೈಯೆಲ್ಲ ತಗ್ಗು ಬಿದ್ದಿತ್ತು. ಒಳಗೆ ಕಂಠದವರೆಗೆ ಬೀಜ.

"ಇದೆಲ್ಲಿ ಸಿಕ್ತಮ್ಮ?" ಎಂದೆ.

"ಚೊಂಬು ಹಳ್ಳದಾಗೆ ಬಿದ್ದಿತ್ತು ಸಾಮಿ. ಬೀಜ ಎಲ್ಲಾ ಚೆಲ್ಲೋಗಿದ್ವು, ಸ್ವಲ್ಪ ಸಿಕ್ಕಿದ್ವು. ಪಾಪ, ಅಷ್ಟು ದೂರದಿಂದ ತಂದಿದ್ರಲ್ಲ ಅಂತ ಮಿಕ್ಕಿದ್ದು ನಮ್ಮನೆಯವೇ ಹಾಕಿದೆ. ಹೋದ ವರ್ಷದ ಹುಣಸೆ, ಒಂದೂ ಹುಳ ಹಿಡಿದಿಲ್ಲ."

ಅದರಲ್ಲಿ ಯಾವುದು ಗಿಡುಗ, ಯಾವುದು ಅವಳ ಮನೆಯ ಹುಣಸೆ! ಮೂರು ಊರಿನ ಲೆಕ್ಕ ಅಲ್ಲಿಗೆ ಮುಗಿದಿತ್ತು. ಭಾವ ಕೈ ಚಾಚಿ ಚೊಂಬು ಇಸಿದುಕೊಂಡು ಬೆರಳಿಂದ ಮುಟ್ಟಿ ನೋಡಿದರು. ಊದಿದ ತುಟಿ ಅಲುಗಿತು. ನರಳುತ್ತಿದ್ದಾರೆಂದು ನಾನು ಬಗ್ಗಿದೆ. ನಗುತ್ತಿದ್ದರು.

"ನಾರಾಣಿ, ಈ ವರ್ಷ ಗಿಡುಗಗಳು ಬಹಳ ಬಂದಿವೆ ಕಣೋ."

ಗಂಗುಲಮ್ಮನಿಗೆ ಏನೂ ಅರ್ಥವಾಗದೆ, "ಇನ್ನೂ ಬೇಕಾದ್ರೆ ತರ್ತೀನಿ," ಎಂದಳು.

ಜ್ವರ ಬಿಟ್ಟ ಮೇಲೆ ಬಾಡಿಗೆ ಎತ್ತಿನ ಗಾಡಿಯಲ್ಲಿ ಯಲ್ದೂರಿಗೆ ಹೊರಟೆವು. ಭಾವ ಹುಲ್ಲಿನ ಮೇಲೆ ಮಲಗಿದ್ದರು. ದಾರಿಯುದ್ದಕ್ಕೂ ಅವರೆ ಹೂಬಿಟ್ಟ ಹೊಲಗಳು, ಆಮೇಲೆ ಮಾವಿನ ತೋಪುಗಳು. ನಾನು ಎತ್ತುಗಳ ಬಾಲ ನೋಡುತ್ತ ಕೂತೆ. ನೊಣ ಗುಂಯ್ ಎಂದರೂ ಮೈ ಬೆವರುತ್ತಿತ್ತು. ತಲೆ ಎತ್ತಿದರೆ ಸಾಕು, ಬಂಡೆಯಿಲ್ಲದ ಬರಿ ಆಕಾಶದಿಂದಲೂ ಆ ಕಪ್ಪು ಪರದೆ ಕಳಚಿ ಇಳಿಯುತ್ತಿತ್ತು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಮೊದಲೇ ಮುಟ್ಟಿತ್ತು. ಅಳುತ್ತಾಳೆಂದುಕೊಂಡಿದ್ದೆ. ಅವಳು ಗಂಡನ ಕೈಹಿಡಿದು ಇಳಿಸಿಕೊಂಡು, "ಹಕ್ಕಿ ಎಣಿಸೋರು ಮುಖದ ಮೇಲೆ ಜೇನೂ ಎಣಿಸ್ಕೊಂಡು ಬಂದ್ರಾ?" ಎಂದಳು. ನನ್ನ ಕಡೆ ತಿರುಗಿ, "ಏನೋ, ಚೊಂಬು ಕೊಟ್ಟಿದ್ದೆ, ಡಬರಿ ಮಾಡಿಕೊಂಡು ತಂದಿದ್ದೀಯಲ್ಲೋ!" ಆಮೇಲೆ ಹಿತ್ತಲಿಗೆ ಹೋದಳು. ಬರುವಾಗ ಮುಖ ತೊಳೆದುಕೊಂಡಿದ್ದಳು.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಭಾವ ಮುದ್ದೆ ನುಂಗುತ್ತ, "ಶ್ರೀನಿವಾಸಪುರ ಒಂದು ಉಳೀತಲ್ಲ," ಎಂದರು.

"ಕಣ್ಣು ಕಟ್ಟಿಕೊಂಡು ಏನು ನೋಡ್ತೀರಿ?" ಎಂದಳು ಅಕ್ಕ.

"ನಾನು ಚೊಂಬು. ಅವನು ಆಕಾಶ."

ನನ್ನಿಂದ ಆಗದು ಎಂದೆ. ಏಕೆಂದು ಕೇಳಿದರು. ಹೇಳಿದೆ: ತಲೆ ಎತ್ತಿದರೆ ಅದೇ ಕಾಣುತ್ತದೆ, ಬೇರೆ ಏನೂ ಕಾಣುವುದಿಲ್ಲ. ಭಾವ ಸ್ವಲ್ಪ ಹೊತ್ತು ತಟ್ಟೆಯಲ್ಲೇ ಬೆರಳಾಡಿಸಿದರು. "ನನಗೂ ಅದೇ ಕಾಣ್ತದೆ ಕಣೋ, ಕಟ್ಟಿನ ಒಳಗೆ. ಮೇಲಾಗಿ ನನಗೆ ಅದನ್ನ ಅಳಿಸೋಕೆ ಬೇರೆ ಏನೂ ಇಲ್ಲ. ನೀನಾದ್ರೂ ಒಂದು ಹಕ್ಕಿ ನೋಡಿ ನನಗೆ ಹೇಳು."

ಅದಕ್ಕೆ ಇಲ್ಲವೆನ್ನುವುದು ಹೇಗೆ? ಅಕ್ಕನೂ ಗಾಡಿ ಹತ್ತಿದಳು. "ನಿಮ್ಮಿಬ್ಬರನ್ನೇ ಬಿಟ್ಟರೆ ಹುಲಿ ಎಣಿಸೋಕೆ ಹೋಗ್ತೀರಿ," ಎಂದು ಕಂಬಳಿಗಳನ್ನು ಹೇರಿಕೊಂಡಳು. ಒಂದಲ್ಲ, ಮೂರು. ಶ್ರೀನಿವಾಸಪುರದ ಹೊರಗೆ, ಬಂಡೆ ಗಿಂಡೆ ಏನೂ ಇಲ್ಲದ ಹುರುಳಿ ಹೊಲದ ಅಂಚಿನಲ್ಲಿ, ಒಂಟಿ ಮಾವಿನ ಮರವನ್ನು ಅವಳೇ ಆರಿಸಿದಳು. ಕೊಂಬೆ ಕೊಂಬೆಯನ್ನೂ ನೋಡಿ, ಬಂದು, "ಕಾಗೆ ಗೂಡು ಒಂದೇ ಇರೋದು," ಎಂದಳು.

ಕಂಬಳಿಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿಕೊಂಡೇ ಇದ್ದೆ. ತೆರೆದಾಗ ಪರದೆ ಇಳಿಯಿತು. ಮುಚ್ಚಿದೆ. ಪಕ್ಕದಲ್ಲಿ ಭಾವ ಖಾಲಿ ಚೊಂಬನ್ನು ಮಡಿಲಲ್ಲಿಟ್ಟುಕೊಂಡು, ಬೀಜಗಳನ್ನು ಮುಟ್ಟಿ ಮುಟ್ಟಿ ಬೇರೆ ಮಾಡಿಕೊಂಡು ಕಾಯುತ್ತಿದ್ದರು. ಮತ್ತೆ ತೆರೆದೆ. ಈ ಸಲ ಪರದೆಯ ಅಂಚಿನಲ್ಲಿ ಏನೋ ಬಿಳುಪಾಗಿ ಅಲುಗಿತು.

"ಒಂದು ಇದೆ ಭಾವ."

"ಹೇಗಿದೆ?" ಅವರ ದನಿ ಮೆಲ್ಲಗಾಗಿತ್ತು.

"ಬೂದು ಬಿಳುಪು. ರೆಕ್ಕೆ ಉದ್ದ, ತುದಿ ಕಪ್ಪು. ಹುರುಳಿ ಗಿಡದ ಮೇಲೆ ಕೈಯಳತೆ ಎತ್ತರದಲ್ಲಿ ತೇಲ್ತಾ ಇದೆ. ಒಂದ್ಸಲ ರೆಕ್ಕೆ ಬಡೀತು, ಮತ್ತೆ ಸುಮ್ಮನಾಯ್ತು. ಈಗ ವಾಲ್ತು, ಕೆಳಗೆ ಬಿತ್ತು, ಕಾಲಲ್ಲಿ ಏನೋ ಹಿಡ್ಕೊಂಡಿತು. ಮಿಡತೆ ಇರ್ಬೇಕು."

"ಗಂಡು," ಎಂದರು ಭಾವ. "ಹುಣಸೆ." ಟಣ್ ಎಂದಿತು ಚೊಂಬು.

ಆ ಸದ್ದಿನ ಹಿಂದೆಯೇ ನಾನು ಇನ್ನೊಂದನ್ನು ಕಂಡೆ, ಆಮೇಲೆ ಮತ್ತೊಂದನ್ನು. ಪರದೆ ಹೋಗಿಬಿಟ್ಟಿತು ಎನ್ನಲಾರೆ. ಇಂದಿಗೂ ಕೆಲವೊಮ್ಮೆ ಬರುತ್ತದೆ. ಆದರೆ ಅಂದು ಅದರ ಮುಂದೆ ಹಾಯ್ದುಹೋಗಲು ಹಕ್ಕಿಗಳಿದ್ದವು. ಇವನ್ನೆಲ್ಲ ಬಿಟ್ಟು ಮಾಲೂರಿನಲ್ಲಿ ಇರುವೆ ನೋಡಿದೆನಲ್ಲ ಎನ್ನಿಸಿತು.

ಎಂಟು ದಿನ ತುಂಬಿದ ಮೇಲೆ ಶ್ರೀನಿವಾಸಪುರದಿಂದ ಸಣ್ಣ ರೈಲಿನಲ್ಲಿ ಮೂವರೂ ಕೋಲಾರಕ್ಕೆ ಹೋದೆವು. ಅಂದು ಆ ರೈಲು ನಿಧಾನವಾಗಿ ಹೋದದ್ದೇ ನನಗೆ ಬೇಕಾಗಿತ್ತು. ಅಕ್ಕ ಭಾವನ ಪಂಚೆಯ ಚುಂಗನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು.

ಡಾಕ್ಟರು ಕಿಟಕಿಯ ಪರದೆ ಎಳೆಸಿ ಮೊದಲು ಎಡಗಣ್ಣಿನ ಕಟ್ಟು ಬಿಚ್ಚಿದರು. ಭಾವ ರೆಪ್ಪೆ ಬಡಿದರು. ಕಂಬನಿ ಸುರಿಯಿತು. "ನಿನ್ನ ಸೀರೆ ಹಸಿರು," ಎಂದರು ಅಕ್ಕನಿಗೆ. "ಅಂಚು ಕೆಂಪು." ಆಮೇಲೆ ಬಲಗಣ್ಣು. ಅದಕ್ಕೆ ಎಲ್ಲವೂ ಹೊಗೆಯೊಳಗಿಂದ ಕಂಡಂತೆ ಕಾಣುತ್ತಿತ್ತು. ಡಾಕ್ಟರು ದೀಪ ಹಿಡಿದು ನೋಡಿ, "ಬೆಳಕು ಹಿಡೀತಿದೆ. ಮಬ್ಬು ನಿಧಾನವಾಗಿ ತಿಳಿಯಾಗುತ್ತೆ, ಒಂದಿಷ್ಟು ಉಳಿದರೂ ಉಳಿಯಬಹುದು. ಕೆಲಸಕ್ಕೇನೂ ತೊಂದರೆಯಿಲ್ಲ," ಎಂದರು. ಯಲ್ದೂರಿನ ಬಾಗಿಲಲ್ಲಿ ಅಳದಿದ್ದ ಅಕ್ಕ ಅಲ್ಲಿ, ಔಷಧಿಯ ವಾಸನೆಯ ವರಾಂಡದಲ್ಲಿ, ಜನ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತಳು.

ಬೆಂಗಳೂರಿಗೆ ಹಿಂತಿರುಗುವಾಗ ಭಾವ ಮಾಲೂರಿನಲ್ಲಿ ಇಳಿಯೋಣ ಎಂದರು. ಕೆರೆಯ ಹಿಂದಿನ ಆ ಬಯಲಿನಿಂದಲೇ ಲೆಕ್ಕ ಹೊಸದಾಗಿ ಶುರುವಾಗಲಿ ಎಂದು. ನಾವು ಸೇರುವಾಗ ಸಂಜೆ ಬಿಸಿಲು ಹುಲ್ಲಿನ ತುದಿಗೆ ಇಳಿದಿತ್ತು. ನಾನು ರೂಢಿಯಂತೆ ಚೊಂಬು ಹಿಡಿದು ತಲೆ ತಗ್ಗಿಸಿ ಕೂತೆ. ಭಾವ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಒಂದೇ ಕಣ್ಣಿಗೆ ದುರ್ಬೀನು ಹಿಡಿದರು.

ಬಹಳ ಹೊತ್ತು ಅವರ ಬಾಯಿಂದ ಮಾತು ಬರಲಿಲ್ಲ. ಕಾಣಿಸುತ್ತಿಲ್ಲವೇನೋ ಎಂದುಕೊಂಡೆ.

"ಲೇ ನಾರಾಣಿ," ಎಂದರು ಕೊನೆಗೆ.

"ಹುಣಸೆನಾ ಭಾವ?"

"ಮೇಲೆ ನೋಡೋ."

ನೋಡಿದೆ. ಉತ್ತರದಿಂದ ಒಂದು ಗಿಡುಗ, ಹೊಟ್ಟೆಯ ಮೇಲೆ ಸಂಜೆಯ ಬಣ್ಣ ಹೊತ್ತು, ನಮ್ಮ ನೆತ್ತಿಯ ಮೇಲೇ ರೆಕ್ಕೆ ಅಲುಗಿಸದೆ ಹಾದು ಹುಲ್ಲಿಗೆ ಇಳಿಯಿತು. ಅದರ ಹಿಂದೆ ಇನ್ನೆರಡು. ಅಕ್ಕನೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ತಗ್ಗು ಬಿದ್ದ ಚೊಂಬು ಹುಲ್ಲಿನ ಮೇಲೆ ಒಂದು ಕಡೆಗೆ ವಾಲಿಕೊಂಡಿತ್ತು. ಆ ಮೂರಕ್ಕೆ ಯಾರೂ ಬೀಜ ಹಾಕಲಿಲ್ಲ.